ವಾಪಸ್ ತಗೊಂಡ ಗ್ಯಾರಂಟಿ

ಮೊಮ್ಮಗಳು ಹುಟ್ಟಿದ ಸುದ್ದಿ ಬಂದಾಗ ನಾನು ಪರ್ತ್‌ನ ವಿಲೆಟನ್ನಿನಲ್ಲಿ, ಮನೆ ಹತ್ತಿರದ ಸ್ಟಾಪಿನಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಮಗ ಬ್ರಿಸ್ಬೇನಿನಿಂದ ಫೋನ್ ಮಾಡಿ "ಅಮ್ಮ, ಹೆಣ್ಣು" ಅಂದ. ಅಷ್ಟೇ.  ಪಕ್ಕದಲ್ಲಿ ಒಬ್ಬಳು ಚೀನಾದ ಮುದುಕಿ ತರಕಾರಿ ಗಾಡಿ ಹಿಡಿದು ನಿಂತಿದ್ದಳು. ಅವಳ ಎರಡೂ ಕೈ ಹಿಡಿದು "ಬೇಬಿ! ಬೇಬಿ!" ಅಂದೆ. ಪಾಪ, ಮೊದಲು ಹೆದರಿದಳು. ಆಮೇಲೆ ಅರ್ಥವಾಗಿ ಗಾಡಿಯಿಂದ ಒಂದು ಕಿತ್ತಳೆ ತೆಗೆದು ನನ್ನ ಕೈಗಿಟ್ಟಳು. ಬಸ್ಸು ಬಂತು. ಡ್ರೈವರಿಗೂ ಹೇಳಿದೆ. ಅಂಗಡಿಯಲ್ಲಿ ಬಿಲ್ ಹಾಕುವ ಹುಡುಗಿಗೂ ಹೇಳಿದೆ. ಮನೆಗೆ ಬಂದು ಗೋಡೆಯ ಮೇಲಿದ್ದ ನಮ್ಮ ಯಜಮಾನರ ಫೋಟೋಗೆ ಗಟ್ಟಿಯಾಗಿ ಹೇಳಿದೆ.

ಮಗನಿಗೆ ಮದುವೆಯಾಗಿ ಎಷ್ಟೋ ವರ್ಷ ಮಕ್ಕಳಾಗಿರಲಿಲ್ಲ. ಸೊಸೆ ಆಸ್ಪತ್ರೆಗೆ ಹೋಗಿ ಬಂದಾಗಲೆಲ್ಲ ಫೋನಿನಲ್ಲಿ ಮಳೆ ಬಿಸಿಲಿನ ಮಾತಾಡಿ ಬೇಗ ಇಟ್ಟುಬಿಡುತ್ತಿದ್ದಳು. ಏನೂ ಕೇಳಬಾರದು ಅಂತ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಆ ಬೀಗ ಅವತ್ತು ಕಿತ್ತುಹೋಯಿತು ನೋಡಿ, ಇವತ್ತಿನವರೆಗೂ ಸರಿಯಾಗಿ ಬಿದ್ದಿಲ್ಲ. ನಾನು ಬರೆಯಲು ಹೊರಟಿರೋದು ಒಳ್ಳೆ ಸುದ್ದಿಯಲ್ಲ. ಆದರೂ ಆ ಕೂಸಿನ ಮಾತು ಬಂದರೆ ನನಗೆ ತಡೆಯೋಕಾಗಲ್ಲ.

ನಾನು ಓದಿರೋದು ನಾಲ್ಕನೇ ಕ್ಲಾಸು, ಬಂಗಾರಪೇಟೆ ಕಡೆ. ನಮ್ಮ ಯಜಮಾನರು ಅಲ್ಲಿ ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಗಣಿ ಮುಚ್ಚುತ್ತೆ ಅನ್ನೋ ಹೊತ್ತಿಗೆ ಈ ದೇಶದ ಗಣಿಗಳಿಗೆ ಫಿಟ್ಟರ್‌ಗಳು ಬೇಕಂತೆ ಅಂತ ಯಾರೋ ಹೇಳಿದರು. ಹೊರಟು ಬಂದೆವು. ಪರ್ತ್‌ನಲ್ಲಿ ನಮಗೆ ಪರಿಚಯವಾದ ಕನ್ನಡದವರೆಲ್ಲ ಇಂಜಿನಿಯರು, ಜಿಯಾಲಜಿಸ್ಟು. ಅವರ ನಡುವೆ ನಾವು ಗ್ರೀಸ್ ಕೈಯವರು. ಯಜಮಾನರು ಮರುಭೂಮಿಯ ಗಣಿಗೆ ಹೋಗಿ ವಾರಗಟ್ಟಲೆ ದುಡಿದು ಬರುತ್ತಿದ್ದರು, ನಾನು ಒಂದು ವೃದ್ಧಾಶ್ರಮದ ಲಾಂಡ್ರಿಯಲ್ಲಿ ಹೊದಿಕೆ ಒಗೆಯುತ್ತಿದ್ದೆ. ಹಾಗೆ ಒಗೆದೂ ಒಗೆದೂ ವಿಲೆಟನ್ನಿನ ಈ ಚಿಕ್ಕ ಯೂನಿಟ್ ಮನೆ ನಮ್ಮದಾಯಿತು. ಸಾಲ ತೀರಿದ ದಿನ ಯಜಮಾನರು ಹಾಲಿನ ಗೋಡೆ ತಟ್ಟಿ "ಇನ್ನು ಇದಕ್ಕೆ ಮೊಳೆ ಹೊಡೆಯೋಕೆ ಯಾರನ್ನೂ ಕೇಳಬೇಕಾಗಿಲ್ಲ ಕಣೇ" ಅಂದಿದ್ದರು. ಅವರು ಹೋದಮೇಲೆ ಹಿಂದಿನ ರೂಮನ್ನು ಕರ್ನಾಟಕದಿಂದ ಓದಲು ಬರುವ ಹೆಣ್ಣುಮಕ್ಕಳಿಗೆ ಬಾಡಿಗೆಗೆ ಕೊಡುತ್ತಾ ಬಂದಿದೀನಿ. ಅವರ ಬಾಡಿಗೆ, ನನ್ನ ಪಿಂಚಣಿ, ಇಷ್ಟರಲ್ಲಿ ನನ್ನ ಸಂಸಾರ.

ಬಾಣಂತನಕ್ಕೆ ಅಂತ ಬ್ರಿಸ್ಬೇನಿಗೆ ಹೊರಟೆ. ಅಂಟಿನುಂಡೆ ಕಟ್ಟಿಕೊಂಡು, ಬಾಣಂತಿ ಖಾರ ಕುಟ್ಟಿಕೊಂಡು, ಹಳೇ ಕಾಟನ್ ಸೀರೆ ಹರಿದು ಮೆತ್ತನೆ ಬಟ್ಟೆ ಮಾಡಿಕೊಂಡು. ಮಗನ ಮನೆ ನಾರ್ತ್ ಲೇಕ್ಸ್‌ನಲ್ಲಿ. ಅಚ್ಚು ಹಾಕಿ ತೆಗೆದ ಹಾಗೆ ಸಾಲುಸಾಲು ಮನೆ, ಹತ್ತಿರದಲ್ಲೇ ಊರಿನಷ್ಟು ದೊಡ್ಡ ಅಂಗಡಿ ಸಮುಚ್ಚಯ. ಕೂಸನ್ನು ಮೊದಲ ಸಲ ಮಡಿಲಿಗೆ ಹಾಕಿದಾಗ ಅದು ಒಂದು ಕಣ್ಣು ಮಾತ್ರ ತೆರೆದು, ಯಾರಿದು ಅನ್ನೋ ಹಾಗೆ ನೋಡಿ, ಮತ್ತೆ ಮುಚ್ಚಿಕೊಂಡಿತು. ಹಣೆ ನಮ್ಮ ಯಜಮಾನರದೇ. ಕಾಲಿನ ಕಿರುಬೆರಳು ನನ್ನ ಹಾಗೇ ಒಳಗೆ ತಿರುಗಿಕೊಂಡಿದೆ. ಅದನ್ನು ಕಂಡು ನಾನು ಅತ್ತೆ, ನಕ್ಕೆ, ಎರಡೂ ಒಟ್ಟಿಗೆ ಮಾಡಿದೆ.

ಎಣ್ಣೆ ನೀರು ಹಾಕಿ ಸಾಂಬ್ರಾಣಿ ಹೊಗೆ ಕೊಡೋಕೆ ಹೋದೆ, ಸೂರಿನಲ್ಲಿದ್ದ ಹೊಗೆ ಅಲಾರಂ ಕಿರುಚಿಕೊಂಡಿತು. ಮಗ ಟವೆಲ್ ಬೀಸುತ್ತಾ ಓಡಿಬಂದ. "ಅಮ್ಮ, ಫೈರ್ ಇಂಜಿನ್ ಕರೆಸ್ತೀಯ ನೀನು!" ಕೂಸು ಮಾತ್ರ ನಿದ್ದೆಯಲ್ಲೇ ಇತ್ತು. ಆ ಮನೆಯಲ್ಲಿ ಅಷ್ಟು ನಕ್ಕಿದ್ದು ಅವತ್ತೇ ಕೊನೆ ಇರಬೇಕು.

ಸೊಸೆ ಒಳ್ಳೆಯವಳು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಅವಳ ಅಡಿಗೆಮನೆ ಅವಳದು. ಫ್ರಿಜ್ ಬಾಗಿಲು ತೆಗೆಯೋ ಮುಂಚೆ ನಾನು "ತೆಗೀಲಾಮ್ಮ?" ಅಂತ ಕೇಳುತ್ತಿದ್ದೆ. ಅವಳು "ಅತ್ತೆ, ಕೇಳಬೇಡಿ ಅಂತ ಎಷ್ಟು ಸಲ ಹೇಳಲಿ?" ಅನ್ನುತ್ತಿದ್ದಳು. ಆದರೂ ಕೇಳುತ್ತಿದ್ದೆ. ಇನ್ನೊಬ್ಬರ ಮನೆಯಲ್ಲಿ ಕೈ ತಾನಾಗಿ ನಿಂತುಬಿಡುತ್ತೆ.

ಒಂದು ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಮಗ ಅಂದ, "ಅಮ್ಮ, ಎರಡು ರಸ್ತೆ ಆಚೆ ಒಂದು ಮನೆ ಮಾರಾಟಕ್ಕೆ ಬಂದಿದೆ. ತಗೊಂಡು ಬಾಡಿಗೆಗೆ ಬಿಟ್ಟರೆ ಪಾಪುಗೆ ಮುಂದಕ್ಕಾಗುತ್ತೆ."

"ತಗೋ ಮತ್ತೆ."

"ತಗೋ ಅಂದರೆ ದುಡ್ಡು? ಈ ಮನೆ ಮೇಲೇ ಸಾಲ ಎತ್ತಬೇಕು. ನಾವು ತಗೊಂಡಾಗಿನಿಂದ ಇದರ ಬೆಲೆ ಏರಿದೆಯಲ್ಲ, ಏರಿದ ಭಾಗದ ಮೇಲೆ ಬ್ಯಾಂಕು ಕೊಡುತ್ತೆ. ಆದರೂ ಸ್ವಲ್ಪ ಸಾಲದು. ನಿನ್ನದೊಂದು ಗ್ಯಾರಂಟಿ ಇದ್ದರೆ ಆಗುತ್ತೆ ಅಂದಿದಾರೆ."

"ನನ್ನ ಗ್ಯಾರಂಟಿನಾ? ಕೊಡ್ತೀನಿ ಕಣೋ, ಅದಕ್ಕೇನು!"

ಸೊಸೆ ತಲೆ ಎತ್ತಿದಳು. "ಅತ್ತೆ, ಅದು ಬಾಯಲ್ಲಿ ಹೇಳೋದಲ್ಲ. ಸೈನ್ ಮಾಡಬೇಕು."

"ಅಮ್ಮಂಗೆ ಗೊತ್ತು ಬಿಡೇ," ಅಂದ ಮಗ.

ಅವನು ಮೋಸ ಮಾಡಿದ ಅಂತ ಯಾರೂ ತಿಳಿಯಬೇಡಿ. ನನಗೆ ಗೊತ್ತು ಅಂತಲೇ ಅವನು ನಂಬಿದ್ದ. ನಮ್ಮ ಬಾಯಲ್ಲಿ ಆ ಮಾತು ದಿನಕ್ಕೆ ಎಷ್ಟು ಸಲ ಬರಲ್ಲ? ಸಂಜೆ ಬರ್ತೀಯಾ, ಗ್ಯಾರಂಟಿ ಬರ್ತೀನಿ. ಮಳೆ ಬರುತ್ತಾ, ಗ್ಯಾರಂಟಿ. ಮಿಕ್ಸಿ ಕೊಂಡರೆ ಗ್ಯಾರಂಟಿ ಕಾರ್ಡು. ಬ್ಯಾಂಕಿನವರು ನಿಮ್ಮ ಮಗ ನಂಬಿಗಸ್ತನಾ, ಕಟ್ತಾನಾ ಅಂತ ಕೇಳ್ತಿದಾರೆ ಅಂದುಕೊಂಡೆ. ಹೆತ್ತವಳನ್ನಲ್ಲದೆ ಇನ್ಯಾರನ್ನು ಕೇಳಬೇಕು!

ಬ್ಯಾಂಕಿನ ಹುಡುಗಿ ಫೋನ್ ಮಾಡಿದಳು. ತುಂಬಾ ಮರ್ಯಾದೆಯಾಗಿ, "ಆರ್ ಯೂ ಹ್ಯಾಪಿ ಟು ಬಿ ದ ಗ್ಯಾರಂಟರ್?" ಅಂತ ಕೇಳಿದಳು. ಈ ದೇಶದಲ್ಲಿ ಒಪ್ಪಿಗೆಯಿದೆಯಾ ಅಂತ ಕೇಳೋದನ್ನೇ ಹ್ಯಾಪಿನಾ ಅಂತ ಕೇಳುತ್ತಾರೆ, ಅದು ನನಗೆ ಆಮೇಲೆ ಗೊತ್ತಾಗಿದ್ದು. ನನಗೆ ಕೇಳಿಸಿದ್ದು ಹ್ಯಾಪಿ ಒಂದೇ. "ವೆರಿ ಹ್ಯಾಪಿ! ವೆರಿ ವೆರಿ ಹ್ಯಾಪಿ! ಗರ್ಲ್ ಬೇಬಿ!" ಅಂದೆ. ಅವಳೂ ನಕ್ಕು ಕಂಗ್ರಾಜುಲೇಷನ್ಸ್ ಅಂದಳು.

ಸೈನ್ ಮಾಡೋ ಮುಂಚೆ ನಾನೊಬ್ಬಳೇ ಒಬ್ಬ ವಕೀಲರ ಹತ್ತಿರ ಕೂತು ಕೇಳಿಸಿಕೊಳ್ಳಬೇಕು ಅನ್ನೋದು ಬ್ಯಾಂಕಿನ ನಿಯಮವಂತೆ. ವಕೀಲರ ಆಫೀಸು ಅಂಗಡಿಗಳ ಮೇಲಿನ ಮಹಡಿಯಲ್ಲಿತ್ತು. ಮಗ ಹೊರಗೆ ಕೂತ. ಕೂಸನ್ನು ನಾನು ಬಿಡಲಿಲ್ಲ, ಎತ್ತಿಕೊಂಡೇ ಒಳಗೆ ಹೋದೆ. ವಕೀಲರು ಮೇಜಿನ ಮೇಲೆ ಫೋನ್ ಇಟ್ಟರು. ಅದರೊಳಗಿಂದ ಕನ್ನಡದ ದುಭಾಷಿ ಒಬ್ಬರು ಮಾತಾಡಿದರು. ಕನ್ನಡ ಅಂದರೆ ಎಂಥ ಕನ್ನಡ! "ತಾವು ಸದರಿ ಸಾಲಕ್ಕೆ ತಮ್ಮ ಸ್ಥಿರಾಸ್ತಿಯನ್ನು ಹೆಚ್ಚುವರಿ ಭದ್ರತೆಯಾಗಿ ಒದಗಿಸುತ್ತಿರುವುದು ತಮಗೆ ವಿದಿತವಾಗಿದೆಯೇ?"

ಭದ್ರತೆ ಅಂದರೆ ಭದ್ರವಾಗಿರೋದು. ಹೆಚ್ಚುವರಿ ಅಂದರೆ ಇನ್ನೂ ಜಾಸ್ತಿ. ನನ್ನ ಮನೆಗೆ ಇನ್ನೊಂದು ಬೀಗ ಹಾಕಿಸ್ತಾರೆ ಅನ್ನೋ ಹಾಗೆ ಕೇಳಿಸಿತು. ಒಳ್ಳೇದೇ ಅಲ್ಲವಾ? "ಹೂಂ" ಅಂದೆ. ಅವರು ಇನ್ನೂ ಏನೇನೋ ಹೇಳುತ್ತಾ ಹೋದರು. ಅಷ್ಟರಲ್ಲಿ ಕೂಸು ನನ್ನ ಮುಖ ನೋಡಿ ನಕ್ಕಿತು. ಗಾಳಿಗೆ ಬರೋ ನಗುವಲ್ಲ, ನಿಜವಾದ ನಗು, ಅದರ ಮೊದಲನೇ ನಗು. ಆ ನಗು ಎದುರಿಗಿರುವಾಗ ಸದರಿ ಸಾಲ ಯಾರಿಗೆ ಬೇಕು! ವಕೀಲರು ಅರ್ಥವಾಯಿತಾ ಅಂತ ಇಂಗ್ಲಿಷಿನಲ್ಲಿ ಮತ್ತೆ ಮತ್ತೆ ಕೇಳಿದರು. ನಾನು ತಲೆ ಆಡಿಸಿದೆ. ತೋರಿಸಿದ ಕಡೆಯೆಲ್ಲ ಕನ್ನಡದಲ್ಲಿ ಸೈನ್ ಹಾಕಿದೆ. ಹೊರಗೆ ಬಂದು ಮಗನಿಗೆ "ನಕ್ಕಳು ಕಣೋ!" ಅಂದೆ.

ಬಾಣಂತನ ಮುಗಿಸಿ ಪರ್ತಿಗೆ ವಾಪಸಾಗುವಾಗ ದಾರಿಯಲ್ಲಿ ಅಡಿಲೇಡಿನಲ್ಲಿ ಇಳಿದೆ. ಅಲ್ಲಿ ಮಗಳಿದ್ದಾಳೆ, ಆಸ್ಪತ್ರೆಯಲ್ಲಿ ನರ್ಸು. ಒಬ್ಬಳೇ ಬಾಡಿಗೆ ಮನೆಯಲ್ಲಿರುತ್ತಾಳೆ, ಮದುವೆ ಬೇಡ ಅಂದವಳು. ಅವಳು ಹುರುಳಿಕಾಯಿ ಹೆಚ್ಚುತ್ತಿದ್ದಳು. ನಾನು ಎದುರಿಗೆ ಕೂತು ಕೂಸಿನ ಕಥೆಯೆಲ್ಲ ಹೇಳಿ ಮುಗಿಸಿ, ಜಂಬದಿಂದ, "ನಿಮ್ಮಣ್ಣ ಇನ್ನೊಂದು ಮನೆ ತಗೋತಿದಾನೆ. ಬ್ಯಾಂಕಿಗೆ ನಾನೇ ಗ್ಯಾರಂಟಿ ಕೊಟ್ಟೆ" ಅಂದೆ.

ಚಾಕು ನಿಂತಿತು. "ಏನು ಕೊಟ್ಟೆ?"

"ಗ್ಯಾರಂಟಿ."

"ಪೇಪರ್ ಕೊಟ್ಟರಾ ನಿಂಗೆ? ಎಲ್ಲಿ, ತೋರಿಸು."

ಚೀಲದಲ್ಲಿ ಕೂಸಿನ ಬಟ್ಟೆಯ ಕೆಳಗಿತ್ತು, ಕೊಟ್ಟೆ. ನಿಂತೇ ಓದಿದಳು. ಆಮೇಲೆ ಕೂತು ಓದಿದಳು. ಆಮೇಲೆ ಮೆಲ್ಲಗೆ, "ಅಮ್ಮ, ನೀನು ನಿನ್ನ ಮನೇನ ಅಡ ಇಟ್ಟಿದೀಯ" ಅಂದಳು.

ಅಡ ಅಂದರೆ ನನಗೆ ಗೊತ್ತು. ಅದಕ್ಕೆ ದುಭಾಷಿ ಬೇಕಾಗಿಲ್ಲ. ಬಂಗಾರಪೇಟೆಯ ಗಿರವಿ ಅಂಗಡಿಯಲ್ಲಿ ನನ್ನ ತಾಯಿ ಕಿವಿಯ ಓಲೆ ಬಿಚ್ಚಿ ಇಟ್ಟು ಬಂದಿದ್ದನ್ನು ನೋಡಿದವಳು ನಾನು. ಆ ಓಲೆ ವಾಪಸ್ ಬರಲಿಲ್ಲ. ಅಮ್ಮ ಸಾಯೋವರೆಗೂ ಕಿವಿಗೆ ಬೇವಿನಕಡ್ಡಿ ಸಿಕ್ಕಿಸಿಕೊಂಡಿದ್ದಳು. ಆ ವಕೀಲರ ಫೋನು ಒಂದೇ ಒಂದು ಸಲ ಅಡ ಅಂದಿದ್ದರೆ ಸಾಕಿತ್ತು.

"ಇಲ್ಲ, ನಾನು ಬರೀ ಗ್ಯಾರಂಟಿ..."

"ಗ್ಯಾರಂಟಿ ಅಂದರೆ ಇಲ್ಲಿ ಅದೇಮ್ಮ. ಅಣ್ಣ ಕಟ್ಟದಿದ್ದರೆ ನಿನ್ನ ಯೂನಿಟ್ ಮಾರಿ ತಗೋತಾರೆ."

ಅವತ್ತೇ ಊರಿನಲ್ಲಿರೋ ತಂಗಿಗೆ ಫೋನ್ ಮಾಡಿ ಅತ್ತೆ. ಅವಳು "ಅದೇನಕ್ಕಾ, ನಮ್ಮಲ್ಲಿ ಗ್ಯಾರಂಟಿ ಅಂದರೆ ಹೆಂಗಸರಿಗೆ ಬಸ್ಸು ಬಿಟ್ಟಿ. ನಿಮ್ಮಲ್ಲಿ ಮನೇನೇ ಕಿತ್ಕೋತಾರಾ?" ಅಂದಳು. ಆ ಅಳುವಿನಲ್ಲೂ ನಗು ಬಂತು. 

ಮಗಳ ಮೇಲೂ ಒಂದು ಮಾತು ಎಸೆದೆ. "ನಿನ್ನ ಪಾಲು ಹೋಗುತ್ತೆ ಅಂತ ಹೇಳ್ತಿಲ್ಲ ತಾನೆ?"

ಅವಳ ಮುಖ ಬಾಡಿತು. "ನಂಗೆ ಒಂದು ಇಟ್ಟಿಗೆನೂ ಬೇಡ. ನಾಳೆ ಸೂಟ್‌ಕೇಸ್ ಹಿಡ್ಕೊಂಡು ನೀನು ಎಲ್ಲಿಗೆ ಹೋಗ್ತೀಯ, ಅದನ್ನ ಹೇಳು. ಅಣ್ಣನ ಮನೆಗಾ? ಅಲ್ಲಿ ಫ್ರಿಜ್ ಬಾಗಿಲು ತೆಗೆಯೋಕೂ ಕೇಳ್ತಿದ್ದೆ ಅಂತ ಈಗ ತಾನೇ ನೀನೇ ಹೇಳಿದೆ."

ಬಡವರಿಗೆ ಬಿಟ್ಟಿ ಸಲಹೆ ಕೊಡುವ ಕಾನೂನು ಕೇಂದ್ರಕ್ಕೆ ಮಗಳು ಕರೆದುಕೊಂಡು ಹೋದಳು. ಅಲ್ಲೊಬ್ಬ ಹೆಣ್ಣುಮಗಳು ವಕೀಲೆ. ಅವಳು ಹೇಳಿದ್ದನ್ನು ಮಗಳು ನಮ್ಮ ಮನೆಮಾತಿನಲ್ಲಿ ಹೇಳುತ್ತಾ ಹೋದಳು. ಇದು ಒಂದು ಸಲ ಕೊಟ್ಟು ಒಂದು ಸಲ ತೀರುವ ಸಾಲವಲ್ಲ. ಮನೆ ಮೇಲೆ ಒಂದು ಮಿತಿ ಇಟ್ಟು ಕೊಡುತ್ತಾರೆ. ಆ ಮಿತಿಯೊಳಗೆ ಮಗ ತೆಗೆಯಬಹುದು, ಕಟ್ಟಬಹುದು, ಮತ್ತೆ ತೆಗೆಯಬಹುದು. ಅವನ ಮನೆಯೊಂದೇ ಸಾಲದು ಅಂತ ನನ್ನದನ್ನೂ ಹೆಚ್ಚಿನ ಅಡವಾಗಿ ಹಿಡಿದಿದ್ದಾರೆ. ಆ ಖಾತೆ ಇರುವಷ್ಟು ಕಾಲ ನನ್ನ ಮನೆ ಬಿಡುಗಡೆಯಾಗಲ್ಲ.

"ಹಾಗಾದರೆ ನಾನು ಸತ್ತಮೇಲೂ?" ಅಂದೆ. ಮಗಳು ಅದನ್ನು ಇಂಗ್ಲಿಷಿನಲ್ಲಿ ಕೇಳಲಿಲ್ಲ. ನನ್ನ ಕೈ ಮೇಲೆ ಕೈ ಇಟ್ಟಳು.

ಆಮೇಲೆ ವಕೀಲೆ ಒಂದು ಪ್ರಶ್ನೆ ಕೇಳಿದಳು. ಹಣ ಹೊರಗೆ ಬಂದಿದೆಯಾ? ಇಲ್ಲ, ಮುಂದಿನ ವಾರ ಮನೆ ಕೊಳ್ಳುವ ದಿನ ಬರಬೇಕು ಅಂದೆ. ಹಾಗಿದ್ದರೆ ದಾರಿಯಿದೆ ಅಂದಳು. ಇದು ಸಂಸಾರಸ್ಥರ ಸಾಲ, ವ್ಯಾಪಾರದ್ದಲ್ಲ. ಇಂಥ ಸಾಲದಲ್ಲಿ ಮೊದಲ ಡಾಲರ್ ಹೊರಬೀಳುವವರೆಗೆ, ಗ್ಯಾರಂಟಿ ಕೊಟ್ಟವರು ಅದನ್ನು ವಾಪಸ್ ತಗೊಳ್ಳಬಹುದು. ಬರೆದು ಕೊಟ್ಟರೆ ಸಾಕು. ಕಾರಣ ಹೇಳಬೇಕಾಗಿಲ್ಲ. ಒಂದು ಡಾಲರ್ ಹೋದರೂ ಆ ಬಾಗಿಲು ಮುಚ್ಚಿದ ಹಾಗೇ.

ಮಗನಿಗೆ ಗೊತ್ತಾಗದ ಹಾಗೆ ಮಾಡಬಹುದಾ ಅಂತ ಕೇಳಿದೆ. ಆಗಲ್ಲ, ಬ್ಯಾಂಕು ಅವನಿಗೆ ಹೇಳೇ ಹೇಳುತ್ತೆ ಅಂದಳು. ನೀನಾಗಿದ್ದರೆ ಏನು ಮಾಡ್ತಿದ್ದೆ ಅಂತ ಕೇಳಿದೆ. ಅದನ್ನು ನೀವೇ ತೀರ್ಮಾನ ಮಾಡಬೇಕು ಅಂದಳು. ಇಷ್ಟು ದಿನ ಎಲ್ಲಾದಕ್ಕೂ ಯಾರಾದರೂ ಒಬ್ಬರು ಹೇಳೋರು ಇದ್ದರು, ಅವತ್ತು ನಾನೇ ಹೇಳಿಕೊಳ್ಳಬೇಕಿತ್ತು.

ಮಗಳು ಅಲ್ಲೇ ಸೈನ್ ಮಾಡು ಅಂದಳು. ನಾನು ಒಪ್ಪಲಿಲ್ಲ. ಬ್ಯಾಂಕಿನಿಂದ ಅವನಿಗೆ ಗೊತ್ತಾಗಬಾರದು, ನನ್ನ ಬಾಯಿಂದ ಗೊತ್ತಾಗಬೇಕು. ಅದೂ ನನ್ನ ಮನೆಯಲ್ಲಿ ಕೂತು ಹೇಳಬೇಕು ಅನ್ನಿಸಿತು. ಪರ್ತಿಗೆ ಹಾರಿದೆ. ಮಗಳ ಹಿತ್ತಲಿನ ನಿಂಬೆಹಣ್ಣು ಚೀಲದಲ್ಲಿತ್ತು. ಬೇರೆ ರಾಜ್ಯದ ಹಣ್ಣನ್ನು ಇಲ್ಲಿ ಒಳಗೆ ಬಿಡಲ್ಲ ಅನ್ನೋದು ಮರೆತು ತಂದಿದ್ದೆ, ಏರ್‌ಪೋರ್ಟಿನ ತೊಟ್ಟಿಗೆ ಒಂದೊಂದಾಗಿ ಹಾಕಿ ಬಂದೆ.

ಮಾರನೇ ದಿನ ಬೆಳಿಗ್ಗೆ ಫೋನ್ ಮಾಡಿದೆ. ಹಿಂದೆ ಕೂಸು ಅಳುತ್ತಿರೋದು ಕೇಳಿಸುತ್ತಿತ್ತು.

"ತಲುಪಿದ್ಯಾಮ್ಮ? ನೀನು ಹೋದಾಗಿನಿಂದ ಇವಳು ಮಲಗ್ತಾನೇ ಇಲ್ಲ ನೋಡು. ನಿನ್ನ ಹಾಡೇ ಆಗಬೇಕಂತೆ."

ಅಷ್ಟಕ್ಕೇ ಕರಗಿಹೋದೆ. ಎಲ್ಲಿ ಮಾತು ಒಳಗೇ ಉಳಿದುಬಿಡುತ್ತೋ ಅಂತ ಒಂದೇ ಉಸಿರಿಗೆ ಅಂದೆ, "ಮಗ, ಆ ಗ್ಯಾರಂಟಿ ನಾನು ವಾಪಸ್ ತಗೋತೀನಿ."

ನಕ್ಕ. "ಅದೇನು ಮಿಕ್ಸಿನಾ, ಅಂಗಡಿಗೆ ವಾಪಸ್ ಕೊಡೋಕೆ?"

"ದುಡ್ಡು ಬರೋ ಮುಂಚೆ ತಗೋಬಹುದಂತೆ. ಕಾನೂನಿದೆಯಂತೆ."

ನಗು ನಿಂತಿತು. "ಯಾರು ತಲೆಗೆ ತುಂಬಿದ್ದು? ಅವಳಾ?"

"ಯಾರಾದರೇನು. ಅಡ ಅಂತ ನನಗೆ ಗೊತ್ತಿರಲಿಲ್ಲ ಕಣೋ."

"ವಕೀಲರು ಹೇಳಲಿಲ್ವಾ? ಅಷ್ಟು ಹೊತ್ತು ಒಳಗೆ ಕೂತಿದ್ದೆ. ಹೊರಗೆ ಬಂದು ಏನೂ ಅನ್ನಲಿಲ್ಲ ನೀನು!"

"ಹೇಳಿದರು. ನನ್ನ ತಲೆಗೆ ಹತ್ತಲಿಲ್ಲ."

ಆಮೇಲೆ ಅವನು ಹೇಳಿದ್ದು ನನಗೆ ಗೊತ್ತೇ ಇರಲಿಲ್ಲ. ಮನೆ ಮಾರುವವರ ಜೊತೆ ಮಾಡಿಕೊಂಡ ಕರಾರಿನಲ್ಲಿ, ಸಾಲ ಸಿಗದಿದ್ದರೆ ಬಿಟ್ಟುಬಿಡುತ್ತೇನೆ ಅನ್ನೋ ಷರತ್ತಿತ್ತಂತೆ. ನಾನು ಸೈನ್ ಮಾಡಿದೆ ಅನ್ನೋ ಧೈರ್ಯದಿಂದ ಅದನ್ನು ಅವನು ತೆಗೆಸಿಬಿಟ್ಟಿದ್ದ. ಈಗ ಹಿಂದೆ ಸರಿದರೆ ಕೊಟ್ಟ ಮುಂಗಡವೆಲ್ಲ ಹೋಗುತ್ತೆ. ಸೊಸೆ ಒಂದು ವರ್ಷ ಕೂಸಿನ ಜೊತೆ ಮನೆಯಲ್ಲಿರಲಿ ಅಂತ ಕೂಡಿಟ್ಟ ದುಡ್ಡದು.

 ಆಯಿತು ಬಿಡಪ್ಪ ಅನ್ನೋಕೆ ಬಾಯಿ ತೆರೆದಿದ್ದೆ. ಅನ್ನುವ ಬದಲು ಒಂದು ಮಾತು ಕೇಳಿದೆ. "ಬಡ್ಡಿ ಏರಿದರೆ? ಬಾಡಿಗೆಯವರು ಬರದಿದ್ದರೆ? ನಿನ್ನ ಕೆಲಸ ಹೋದರೆ?"

"ಹಂಗೇನೂ ಆಗಲ್ಲಮ್ಮ."

"ಗ್ಯಾರಂಟಿನಾ?"

 "ಅದನ್ನ ಯಾರು ಹೇಳೋಕಾಗುತ್ತೆ" ಅಂದ. ಆಮೇಲೆ, ಚಿಕ್ಕಂದಿನಲ್ಲಿ ಅಪ್ಪನ ಹತ್ತಿರ ಏಟು ತಿಂದಾಗ ಬರುತ್ತಿದ್ದಂಥ ಧ್ವನಿಯಲ್ಲಿ, "ನಿಂಗೆ ಗೋಡೆ ಮುಖ್ಯ ಅಲ್ವಾ? ಇರು, ಗೋಡೆ ಜೊತೇನೇ ಇರು. ನನ್ನ ಮಗಳ ಹತ್ತಿರ ಬರಬೇಡ" ಅಂದ. ಫೋನ್ ಇಟ್ಟ.

ಅವತ್ತೆಲ್ಲ ಮನೆಯೊಳಗೇ ಸುತ್ತಿದೆ. ಒಗೆದ ಬಟ್ಟೆಯನ್ನೇ ಮತ್ತೆ ಒಗೆದೆ. ಹಿಂದಿನ ರೂಮಿನ ಹುಡುಗಿ ಕೆಲಸದಿಂದ ಬಂದು "ಆಂಟಿ, ಹುಷಾರಿಲ್ವಾ?" ಅಂದಳು. ಸೆಕೆ ಅಂದೆ. ಕೂಸಿಗೆ ತಾಯಿ ಜೊತೆ ಒಂದು ವರ್ಷ ಒಂದು ಕಡೆ, ನನಗೆ ಈ ಮನೆ ಇನ್ನೊಂದು ಕಡೆ. ಇದನ್ನು ತೂಗೋ ತಕ್ಕಡಿ ಯಾವ ಅಂಗಡಿಯಲ್ಲಿದೆ? ನನಗೆ ಮನೆ ಬೇಕು ಅನ್ನೋದು ಆಸೆಯೋ ಹೆದರಿಕೆಯೋ ನನಗೇ ಬಿಡಿಸಿ ಹೇಳೋಕಾಗಲಿಲ್ಲ. ಒಂದು ಮಾತ್ರ ಗೊತ್ತಿತ್ತು. ವೃದ್ಧಾಶ್ರಮದಲ್ಲಿ ನಾನು ಹೊದಿಕೆ ಒಗೆಯುತ್ತಿದ್ದೆನಲ್ಲ, ಆ ಹೊದಿಕೆ ಹೊದ್ದವರಲ್ಲಿ ಎಷ್ಟೋ ಜನ ಮಕ್ಕಳಿಗೆ ಒಂದು ಸೈನ್ ಹಾಕಿಕೊಟ್ಟು ಬಂದವರು. ಮಕ್ಕಳು ಕೆಟ್ಟವರಾಗಿರಲಿಲ್ಲ. ಲೆಕ್ಕ ತಪ್ಪಿತ್ತು, ಅಷ್ಟೇ. ಅವರು ಕಿಟಕಿ ಹತ್ತಿರ ಕೂತು, ನನ್ನನ್ನು ಕಂಡಾಗಲೆಲ್ಲ ತಮ್ಮ ಮನೆಯ ಬಣ್ಣ ಹೇಳುತ್ತಿದ್ದರು.

ಮಗಳು ಬರೆದು ಕಳಿಸಿದ್ದಕ್ಕೆ ಸೈನ್ ಹಾಕಿದೆ. ಎರಡು ಸಾಲು. ಬ್ಯಾಂಕಿನಿಂದ ಫೋನ್ ಬಂತು, ಇನ್ನೊಬ್ಬ ದುಭಾಷಿ. "ತಾವು ಸ್ವಇಚ್ಛೆಯಿಂದ..." ಅಂತ ಶುರುಮಾಡಿದರು. "ಸ್ವಾಮಿ, ನೆಟ್ಟಗೆ ಕೇಳಿ. ಮನೆ ಅಡ ಇಡಲ್ಲ ಅಂತಿದೀನಿ, ನನ್ನ ಬಾಯಿಂದಲೇ" ಅಂದೆ. ಅವರು ಇಂಗ್ಲಿಷಿನಲ್ಲಿ ಅದನ್ನೇ ಹೇಳಿದರು.

ಮುಂದೆ ಆಗಿದ್ದೆಲ್ಲ ನನಗೆ ಗೊತ್ತಾಗಿದ್ದು ಮಗಳಿಂದ. ನನ್ನ ಮನೆಯನ್ನು ಲೆಕ್ಕದಿಂದ ತೆಗೆದಮೇಲೆ ಬ್ಯಾಂಕು ಕೊಡೋದು ಸಾಲಲಿಲ್ಲ. ಆ ಮನೆ ಬೇರೆಯವರ ಪಾಲಾಯಿತು. ಮುಂಗಡ ಹೋಯಿತು. ಸೊಸೆ ಕೆಲಸಕ್ಕೆ ವಾಪಸ್ ಹೋದಳು, ಇನ್ನೂ ಬೋರಲು ಬೀಳೋಕೂ ಬರದ ಕೂಸು ಚೈಲ್ಡ್‌ಕೇರಿಗೆ ಹೋಯಿತು. ಅಲ್ಲಿ ಶೀತ ಹತ್ತಿಸಿಕೊಂಡು ಬರುತ್ತಂತೆ, ಒಂದು ವಾಸಿಯಾಗೋ ಮುಂಚೆ ಇನ್ನೊಂದು. ನನ್ನ ಖಾರದ ಪುಡಿ, ನನ್ನ ಸಾಂಬ್ರಾಣಿ ಎಲ್ಲ ಇಲ್ಲೇ ಕೂತಿವೆ. ಅಡಿಗೆಮನೆಯಲ್ಲಿ ನಿಂತರೆ ಆ ಕೆಮ್ಮು ಕೇಳಿಸಿದ ಹಾಗಾಗುತ್ತಿತ್ತು. ಇನ್ನೊಂದು ಸಂಗತಿ, ಇದನ್ನು ಬಚ್ಚಿಟ್ಟರೆ ಬರೆದದ್ದು ಸುಳ್ಳಾಗುತ್ತೆ. ಆ ಮನೆಯ ಬೆಲೆ ಆಮೇಲೆ ಚೆನ್ನಾಗಿ ಏರಿತಂತೆ. ಬಾಡಿಗೆಯವರು ಒಂದು ದಿನವೂ ತಪ್ಪಿಸಿಲ್ಲವಂತೆ. ನಾನು ಹೆದರಿದ್ದು ಯಾವುದೂ ಆಗಲಿಲ್ಲ.

ಕೈ ಬರಿದಾದಮೇಲೆ ಮಗ ಬ್ರಿಸ್ಬೇನಿನ ಆಫೀಸು ಕೆಲಸ ಬಿಟ್ಟು ಪರ್ತಿನಿಂದ ಉತ್ತರಕ್ಕಿರೋ ಒಂದು ಗಣಿಗೆ ಸೇರಿದ. ಎರಡು ವಾರ ಅಲ್ಲಿ, ಒಂದು ವಾರ ಮನೆ. ಹೋಗುವಾಗಲೂ ಬರುವಾಗಲೂ ಪರ್ತ್‌ನಲ್ಲೇ ವಿಮಾನ ಬದಲಿಸಬೇಕು. ಏರ್‌ಪೋರ್ಟಿನಿಂದ ನನ್ನ ಮನೆ ದೂರವೇನಿಲ್ಲ. ಬರಲಿಲ್ಲ. ಇಲ್ಲೇ ಪಿಯಾರಾ ವಾಟರ್ಸ್ ಬಡಾವಣೆಯಲ್ಲಿ ಒಬ್ಬರ ಮನೆಯ ಅರಿಶಿನ ಕುಂಕುಮಕ್ಕೆ ಹೋದಾಗ ಇಂಜಿನಿಯರ್ ಒಬ್ಬರ ಹೆಂಡತಿ, "ಆಂಟಿ, ನಿಮ್ಮ ಮಗನ್ನ ನಮ್ಮ ಯಜಮಾನ್ರು ಏರ್‌ಪೋರ್ಟಿನಲ್ಲಿ ನೋಡಿದರಂತೆ. ಮನೆಗೆ ಬಂದಿದ್ರಾ?" ಅಂದಳು.

"ಬಂದಿದ್ದ, ಬಂದಿದ್ದ. ಊಟ ಮಾಡಿಕೊಂಡೇ ಹೋದ" ಅಂದೆ. ಏನು ಅಡಿಗೆ ಮಾಡಿದ್ದೆ ಅನ್ನೋದನ್ನೂ ಹೇಳಿದೆ.

ಸೊಸೆ ಕೂಸಿನ ಫೋಟೋಗಳನ್ನು ತನ್ನ ನಾದಿನಿಗೆ, ಅಂದರೆ ನನ್ನ ಮಗಳಿಗೆ, ಕಳಿಸುತ್ತಾಳೆ. ನಾದಿನಿ ನನಗೆ ಕಳಿಸುತ್ತಾಳೆ ಅನ್ನೋದು ಅವಳಿಗೆ ಗೊತ್ತಿದ್ದೇ ಕಳಿಸುತ್ತಾಳೆ. ಮೊದಲ ಹಲ್ಲು ಬಂದ ಫೋಟೋ ಬಂದ ದಿನ, ದೇವರೇ, ಆ ಹಲ್ಲು! ಅಕ್ಕಿಕಾಳು! ನಾನು ಬಸ್ಸಿನಲ್ಲಿ, ಅಂಗಡಿಯಲ್ಲಿ, ದೇವಸ್ಥಾನದಲ್ಲಿ, ಕಂಡವರಿಗೆಲ್ಲ ತೋರಿಸಿದೆ. ಹಿಂದಿನ ರೂಮಿನ ಹುಡುಗಿಗೆ ಕಾಯೊಬ್ಬಟ್ಟು ಮಾಡಿ ಹಾಕಿದೆ. ಯಾವಾಗ ಕರ್ಕೊಂಡು ಬರ್ತಾರೆ ಅಂತ ಯಾರಾದರೂ ಕೇಳಿದರೆ, ಬೇಗ ಅಂತೀನಿ.

ಕಳೆದ ಬೇಸಿಗೆಯಲ್ಲಿ ಉತ್ತರಕ್ಕೆ ಚಂಡಮಾರುತ ಬಂತು. ಗಣಿಗೆ ಹೋಗೋ ವಿಮಾನಗಳೆಲ್ಲ ನಿಂತವು. ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಮಗ. ಗಣಿಯವರ ಹಳದಿ ಶರ್ಟು, ಕೆನ್ನೆ ಒಳಗೆ ಹೋಗಿತ್ತು, ತಲೆಯಲ್ಲಿ ಬಿಳಿಕೂದಲು.

"ಹೋಟೆಲ್ ಎಲ್ಲಾ ಫುಲ್ಲು" ಅಂದ, ಹೊಸಿಲಾಚೆಯೇ ನಿಂತು.

"ಕೈ ಕಾಲು ತೊಳ್ಕೊ. ಅನ್ನ ಬಿಸಿಯಾಗಿದೆ."

"ನಂಗಿನ್ನೂ ಕೋಪ ಹೋಗಿಲ್ಲ, ಹೇಳಿರ್ತೀನಿ."

"ಇರಲಿ. ಉಂಡು ಕೋಪ ಮಾಡ್ಕೋ."

ಬಸ್ಸಾರು ಬಡಿಸಿದೆ. ತಲೆ ಎತ್ತದೆ ಉಂಡ. ಎರಡನೇ ಸಲ ಅನ್ನ ಹಾಕಿಸಿಕೊಂಡಾಗ ಆ ಮನೆಗೆ ಈಗ ಎಷ್ಟಾಗಿದೆ ಗೊತ್ತಾ ಅಂತ ಹೇಳಿದ. ಗೊತ್ತು ಅಂದೆ. ಪಾಪು ಮೊದಲ ಸಲ ಎದ್ದು ನಿಂತಿದ್ದು ಚೈಲ್ಡ್‌ಕೇರಿನಲ್ಲಿ, ಅವಳಮ್ಮ ನೋಡಲಿಲ್ಲ, ನಾನೂ ನೋಡಲಿಲ್ಲ ಅಂದ.  ತುಪ್ಪದ ಬಟ್ಟಲು ಮುಂದೆ ಸರಿಸಿದೆ.

ಅಷ್ಟರಲ್ಲಿ ಅವನ ಫೋನ್ ಹಾಡಿತು. ಸೊಸೆಯ ವಿಡಿಯೋ ಕಾಲು. ನನ್ನ ಕಡೆ ನೋಡಿದ. ನಾನು ಎದ್ದು ಹೋಗಬೇಕೋ ಕೂತಿರಬೇಕೋ ತಿಳಿಯದೆ ಸೌಟು ಹಿಡಿದು ನಿಂತೆ. ಎಂಜಲು ಕೈ ಹಾಗೇ ಇಟ್ಟುಕೊಂಡು, ಎಡಗೈಯಲ್ಲಿ ಫೋನ್ ತಿರುಗಿಸಿ ನೀರಿನ ಚೊಂಬಿಗೆ ಒರಗಿಸಿದ.

ಅಲ್ಲಿದ್ದಳು. ಅಮ್ಮನ ಸೊಂಟದ ಮೇಲೆ, ಬಾಯಲ್ಲಿ ಬೆರಳು. ಒಂದು ಹಲ್ಲಲ್ಲ, ನಾಲ್ಕು! ಸೊಸೆ ನನ್ನನ್ನು ಕಂಡು ಕೂಸನ್ನು ಪರದೆಯ ಹತ್ತಿರ ತಂದಳು. "ನೋಡು ಪಾಪು, ಅಜ್ಜಿ. ಅಜ್ಜಿ ನೋಡು" ಅಂದಳು.

ಪಾಪು ನೋಡಿದಳು. ಪರದೆ ತುಂಬಾ ನನ್ನ ಮುಖ, ಸೌಟು, ಅಳುತ್ತಾ ಹಲ್ಲು ಬಿಡುತ್ತಿರೋ ಯಾವಳೋ ಮುದುಕಿ. ತುಟಿ ನಡುಗಿತು. ಚಿಟ್ಟನೆ ಕಿರುಚಿ ಅಮ್ಮನ ಕುತ್ತಿಗೆಯೊಳಗೆ ಮುಖ ಹುದುಗಿಸಿದಳು. ಸೊಸೆ ಏನು ಮಾಡಿದರೂ ಮತ್ತೆ ತಿರುಗಲಿಲ್ಲ.

"ಅವಳಿಗೆ ನೀನು ಗೊತ್ತಿಲ್ಲಮ್ಮ" ಅಂದ ಮಗ. ಚುಚ್ಚಬೇಕು ಅಂತಲ್ಲ. ದಣಿದವನು ಇದ್ದದ್ದನ್ನು ಹೇಳಿದ ಹಾಗೆ.

"ಎಂಥಾ ಗಂಟಲು ನೋಡೋ!" ಅಂದೆ. "ಎಷ್ಟು ಗಟ್ಟಿಯಾಗಿ ಅಳ್ತಾಳೆ! ಕೆಮ್ಮು ಒಂಚೂರೂ ಇಲ್ಲ ಎದೇಲಿ!"

ಅವನು ಫೋನ್ ಮುಚ್ಚಿ, ತಟ್ಟೆ ಎತ್ತಿಕೊಂಡು ಕೈ ತೊಳೆಯಲು ಎದ್ದ. ನಲ್ಲಿ ನೀರು ಬಹಳ ಹೊತ್ತು ಹರಿಯಿತು. ನಾನು ಹಾಲಿನ ಸೋಫಾ ಮೇಲೆ ಅವನಿಗೆ ಹಾಸಿಗೆ ಹಾಸಿದೆ.